ಬಿಟ್ಟುಹೋದ ‘ಸಿ’

ಜೂನ್ 4

ಪುಟ್ಟಿ,

ಈ ಕಾಗದ ಪೂರ್ತಿ ನನ್ನ ಕೈಬರಹ ಕಣೇ, ಯಾರಿಂದಲೂ ಬರೆಸಿಲ್ಲ. ಅಕ್ಷರ ಕಲಿಸುವ ಟೀಚರ್ ವಾರಕ್ಕೊಂದು ಕಾಗದ ಬರೆಯಲೇಬೇಕು ಎಂದಿದ್ದಾರೆ. ಬರೆದ ಮೇಲೆ ಬೆರಳಿಟ್ಟು ಓದಬೇಕಂತೆ, ಯಾಕೆಂದರೆ ನನಗೆ ಅಕ್ಷರ ನುಂಗುವ ಚಾಳಿ ಇದೆಯಂತೆ. ರವಿಕೆಯಲ್ಲಿ ಒಂದು ಹೊಲಿಗೆ ತಪ್ಪಿದರೆ ನನ್ನ ಕಣ್ಣಿಗೆ ಕುಕ್ಕುತ್ತದೆ, ಅಕ್ಷರ ತಪ್ಪಿದರೆ ಗೊತ್ತೇ ಆಗುವುದಿಲ್ಲ ನೋಡು. ಫೋನ್ ಮಾಡು ಅಂತೀಯ. ಫೋನ್ ನಿನ್ನ ಭಾವನ ಜೇಬಿನಲ್ಲಿ ಇಡೀ ದಿನ ಊರೂರು ಸುತ್ತುತ್ತದೆ. ನನ್ನ ಕೈಗೆ ಸಿಗುವ ಹೊತ್ತಿಗೆ ಅದರಲ್ಲಿ ಜೀವವೇ ಇರುವುದಿಲ್ಲ.

ಹೊಲಿಗೆ ಕೆಲಸ ಚೆನ್ನಾಗಿದೆ. ಶಾಲೆ ಶುರುವಾಯಿತಲ್ಲ, ಯೂನಿಫಾರಂ ಹೊಲಿದು ಹೊಲಿದು ಕನಸಿನಲ್ಲೂ ನೀಲಿ ಬಣ್ಣವೇ ಕಾಣುತ್ತದೆ. ಅಮ್ಮನಿಗೆ ಮಂಡಿನೋವು ಬಿಟ್ಟರೆ ಬೇರೇನಿಲ್ಲ. ಬಾಯಿ ಮಾತ್ರ ಗಟ್ಟಿಯಾಗಿದೆ.

ಒಂದು ಸುದ್ದಿ. ನಮ್ಮ ಸಂಘಕ್ಕೆ ಸಾಲದ ಕಂಪನಿಯವರು ‘ಮಾದರಿ ಸಂಘ’ ಅಂತ ಬಹುಮಾನ ಕೊಟ್ಟಿದ್ದಾರೆ. ಗಾಜು ಹಾಕಿದ ಫ್ರೇಮು, ಒಳಗೆ ನಮ್ಮ ನಾಲ್ಕೂ ಜನರ ಫೋಟೊ. ನೀನಿದ್ದಿದ್ದರೆ ಐದಾಗುತ್ತಿತ್ತು. ಸರಿಯಾಗಿ ಫೋಟೊ ತೆಗೆಯುವ ಹೊತ್ತಿಗೇ ನಾನು ಕಣ್ಣು ಮುಚ್ಚಿಬಿಟ್ಟಿದ್ದೇನೆ.

ರಜೆಗೆ ಬರುತ್ತೇನೆ ಅಂದಿದ್ದೆಯಲ್ಲ, ಈಗ ಬೇಡ ಪುಟ್ಟಿ. ಮನೆಗೆ ಸುಣ್ಣ ಬಳಿಸುತ್ತಿದ್ದೇವೆ. ಮುಂದೆ ನೋಡೋಣ.

ನಿನ್ನ ಅಕ್ಕ


ಜೂನ್ 15

ಅಕ್ಕಾ,

ನಿನ್ನ ಕಾಗದ ಹಿಡಿದುಕೊಂಡು ಇಡೀ ಲಾಂಡ್ರಿ ಕೋಣೆಗೆ ತೋರಿಸಿದೆ. ‘ನಮ್ಮಕ್ಕ ಬರೆದಿದ್ದು, ಮೂವತ್ತೆಂಟನೇ ವಯಸ್ಸಿಗೆ ಕಲಿತಳು’ ಅಂದೆ. ಆಸ್ಪತ್ರೆಯ ಹಾಸಿಗೆ ಬಟ್ಟೆಯ ರಾಶಿ ಮಧ್ಯೆ ನಿಂತು ಎಲ್ಲರೂ ಓದಿದರು. ಒಂದೂ ಅಕ್ಷರ ನುಂಗಿಲ್ಲ ನೀನು.

ಆದರೆ ಬರಬೇಡ ಅಂದಿದ್ದು ಯಾಕೆ? ಸುಣ್ಣ ಬಳಿದರೆ ನಾನೇನು ಗೋಡೆಗೆ ಒರಗಿಕೊಂಡೇ ಕೂರುತ್ತೇನಾ? ನಿಜ ಹೇಳು, ಅಮ್ಮನ ಕೋಪ ಇನ್ನೂ ಇಳಿದಿಲ್ಲ ತಾನೆ? ಗಂಡನ ಮನೆ ಬಿಟ್ಟು ಬ್ಯಾಗ್ ಹಿಡಿದು ನಾನು ಬಾಗಿಲಿಗೆ ಬಂದ ದಿನ ‘ವಾಪಸ್ ಹೋಗು’ ಅಂದವಳಲ್ಲವಾ ಅವಳು. ತುಟಿ ಒಡೆದಿದ್ದು ಅವಳ ಕಣ್ಣಿಗೇ ಬೀಳಲಿಲ್ಲ. ನೀನು ಬಸ್ ಹತ್ತಿಸದಿದ್ದರೆ ನಾನು ಆವತ್ತು ಏನು ಮಾಡಿಕೊಳ್ಳುತ್ತಿದ್ದೆನೋ. ಒಂದೂಕಾಲು ವರ್ಷ ಆಯಿತು, ಇನ್ನೂ ಸಾಲದಾ ಅವಳಿಗೆ?

ಹೋಗಲಿ, ನನ್ನದೂ ಒಂದು ಸುದ್ದಿ ಇದೆ. ಆಸ್ಪತ್ರೆ ಗೇಟಿನ ಎದುರು ಇಸ್ತ್ರಿ ಅಂಗಡಿ ಇಟ್ಟುಕೊಂಡಿರುವ ಅಜ್ಜಿಗೆ ಮೊಣಕೈ ಎತ್ತಲಾಗುತ್ತಿಲ್ಲ. ಅಂಗಡಿಯನ್ನು ನನಗೇ ಬಿಟ್ಟುಕೊಡುತ್ತಾರಂತೆ. ಮೇಜು, ಎರಡು ಇಸ್ತ್ರಿ ಪೆಟ್ಟಿಗೆ, ಗೋಡೆಯ ಕಪಾಟು, ಮೂವತ್ತು ಮನೆಯ ಗಿರಾಕಿ, ಎಲ್ಲ ಸೇರಿ. ಜುಲೈ ಕೊನೆಯವರೆಗೆ ಕಾಯುತ್ತಾರೆ. ಆಮೇಲೆ ಬೇರೆಯವರಿಗೆ. ಅಕ್ಕಾ, ನನ್ನ ಹೆಸರಿನ ಬಾಗಿಲು! ಬೆಳಗ್ಗೆ ನಾನೇ ತೆಗೆಯಬೇಕು, ಸಂಜೆ ನಾನೇ ಹಾಕಬೇಕು.

ನಮ್ಮದೇ ಸಾಲದ ಕಂಪನಿಯ ಶಾಖೆ ಇಲ್ಲೂ ಇದೆ. ಅಲ್ಲೇ ಅರ್ಜಿ ಹಾಕುತ್ತೇನೆ. ಹಳೇ ಸಾಲಕ್ಕೆ ಒಂದು ಕಂತೂ ತಪ್ಪಿಸಿಲ್ಲ, ಡಿಸೆಂಬರಿನಲ್ಲಿ ಕೊನೆಯ ಮೂರು ಕಂತು ಒಟ್ಟಿಗೇ ನಿನಗೆ ಕಳಿಸಿ ಮುಗಿಸಿದ್ದೇನೆ. ಇನ್ನೇನು ಬೇಕು ಅವರಿಗೆ?

ಅಂದಹಾಗೆ, ಆ ಬಹುಮಾನ ಯಾತಕ್ಕೆ ಕೊಟ್ಟರು ಅಂತ ಬರೆಯಲೇ ಇಲ್ಲವಲ್ಲ ನೀನು?

ನಿನ್ನ ಪುಟ್ಟಿ


ಜೂನ್ 24

ಪುಟ್ಟಿ,

ಆ ಕಂಪನಿಯಲ್ಲಿ ಸಾಲ ಕೇಳಬೇಡ. ಅವರ ಬಡ್ಡಿ ಜಾಸ್ತಿ. ಬೇರೆ ಬ್ಯಾಂಕ್ ನೋಡು. ಇಲ್ಲವಾದರೆ ಸ್ವಲ್ಪ ದಿನ ತಡಿ, ನಾನೇ ಏನಾದರೂ ಮಾಡುತ್ತೇನೆ. ದಯವಿಟ್ಟು ಅಲ್ಲಿಗೆ ಹೋಗಬೇಡ.

ಅಮ್ಮ ಚೆನ್ನಾಗಿದ್ದಾಳೆ. ಸುಣ್ಣ ಇನ್ನೂ ಮುಗಿದಿಲ್ಲ.

ಅಕ್ಕ


ಜುಲೈ 2

ಅಕ್ಕಾ,

ನಾನು ಸತ್ತುಹೋಗಿದ್ದೇನಂತೆ.

ತಮಾಷೆ ಅಲ್ಲ. ನಿನ್ನ ಕಾಗದ ಬರುವ ಮೊದಲೇ ಶಾಖೆಗೆ ಹೋಗಿದ್ದೆ. ಕಂಪ್ಯೂಟರ್ ಮುಂದೆ ಕೂತಿದ್ದ ಮೇಡಂ ನನ್ನ ಗುರುತಿನ ಚೀಟಿಯ ನಂಬರ್ ಒತ್ತಿದರು. ಪರದೆ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಪರದೆ ನೋಡಿದರು.

‘ಇವರು ನಿಮಗೆ ಏನಾಗಬೇಕು?’

‘ಯಾರು ಮೇಡಂ?’

‘ಈ ಸಾಲ ತಗೊಂಡಿದ್ದವರು. ತೀರಿಕೊಂಡಿದ್ದಾರಲ್ಲ ಇವರು.’

ನಾನು ದಡ್ಡಿ, ಹಲ್ಲು ಬಿಟ್ಟುಕೊಂಡು ‘ಹೂಂ ಮೇಡಂ, ಪೂರ್ತಿ ತೀರಿಸಿಕೊಂಡಿದ್ದೀನಿ, ಒಂದು ಪೈಸೆ ಬಾಕಿ ಇಲ್ಲ’ ಅಂದೆ! ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಫೋಟೊ, ಕೆಳಗೆ ಕೆಂಪು ಅಕ್ಷರದಲ್ಲಿ ‘ಮೃತ’. ಬಾಕಿ ಸಾಲ ಮನ್ನಾ. ಅಂತ್ಯಕ್ರಿಯೆಯ ಸಹಾಯಧನ ಸಂದಾಯವಾಗಿದೆ.

‘ಫೋಟೊ ನೋಡಿ ಮೇಡಂ, ನಾನೇ ಅಲ್ವಾ!’

‘ಅಕ್ಕ ತಂಗೀರ ಮುಖ ಒಂದೇ ಥರ ಇರುತ್ತಮ್ಮಾ. ಸತ್ತವರ ಚೀಟಿ ಹಿಡ್ಕೊಂಡು ಸಾಲ ಕೇಳೋಕೆ ಬಂದಿದ್ದೀರಾ? ಪೊಲೀಸರನ್ನ ಕರೀಲಾ?’

ಸರತಿಯಲ್ಲಿದ್ದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಬ್ಬಳು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡಳು ಅಕ್ಕಾ, ದೆವ್ವ ತಾಗುತ್ತದೆ ಅನ್ನುವ ಹಾಗೆ. ನಾನು ನನ್ನ ಕೈಯನ್ನು ನಾನೇ ಚಿವುಟಿಕೊಂಡೆ. ನಿಜವಾಗಿಯೂ ಚಿವುಟಿಕೊಂಡೆ.

ಕೇಳು, ಇದಕ್ಕಿಂತ ದೊಡ್ಡದಿದೆ. ಸತ್ತ ದಿನಾಂಕವನ್ನೂ ಹಾಕಿದ್ದಾರೆ. ಹೋದ ವರ್ಷ ಮಾರ್ಚ್ ಹನ್ನೊಂದು. ನಾನು ಮನೆ ಬಿಟ್ಟ ದಿನ! ‘ಸತ್ತ ಮೇಲೂ ಒಂಬತ್ತು ತಿಂಗಳು ಇವರ ಮನೆಯವರು ಕಂತು ಕಟ್ಟಿದ್ದಾರೆ, ಇಂಥ ಪ್ರಾಮಾಣಿಕ ಜನ ಇರ್ತಾರೆ, ನಿಮ್ಮಂಥವರೂ ಇರ್ತಾರೆ’ ಅಂದರು ಮೇಡಂ.

ಆ ದಿನಾಂಕ ಹೊರಗಿನವರಿಗೆ ಹೇಗೆ ಗೊತ್ತಾಯಿತು? ಅವನೇ, ನನ್ನ ಗಂಡನೇ ಮಾಡಿಸಿರಬೇಕು. ಬದುಕಿದ್ದಾಗ ಸಾಯಿಸಲಾಗಲಿಲ್ಲ, ಕಾಗದದಲ್ಲಿ ಸಾಯಿಸಿದ. ನೀನು ಸಂಘದ ನಾಯಕಿ. ಪುಸ್ತಕ ಬರೆಯುವವಳು ನೀನು. ಏನಾಗಿದೆ ನೋಡಿ ತಕ್ಷಣ ಬರಿ. ಜುಲೈ ಮುಗಿಯುವುದರೊಳಗೆ ನಾನು ಬದುಕಬೇಕು.

ಪುಟ್ಟಿ


ಜುಲೈ 11

ಪುಟ್ಟಿ,

ನಿನ್ನ ಗಂಡನದೇನೂ ಇಲ್ಲ ಇದರಲ್ಲಿ. ಅಷ್ಟು ಬುದ್ಧಿ ಎಲ್ಲಿಂದ ಬರಬೇಕು ಅವನಿಗೆ. ನಾನೇ ಮಾಡಿದ್ದು.

ಡಿಸೆಂಬರಿನಲ್ಲಿ ನಿನ್ನ ಕೊನೆಯ ದುಡ್ಡು ಬಂತಲ್ಲ, ನನಗೆ ಎಷ್ಟು ಹೆಮ್ಮೆ ಆಗಿತ್ತೆಂದರೆ, ಸಭೆಗೆ ಮೊದಲೇ ಸಂಘದ ನಡವಳಿ ಪುಸ್ತಕ ತೆಗೆದು ನನ್ನ ಕೈಯಾರೆ ಬರೆದೆ. ಅಲ್ಲಿಯವರೆಗೆ ಟೀಚರ್ ಬರೆದುಕೊಡುತ್ತಿದ್ದರು. ನಾನೇ ಬರೆದ ಮೊದಲನೇ ಸಾಲು ಅದು. ‘ನನ್ನ ತಂಗಿ ತೀರಿಸಿಕೊಂಡಳು. ಇನ್ನು ಅವಳ ಹೆಸರು ಪುಸ್ತಕದಲ್ಲಿ ಬೇಡ’ ಅಂತ ಬರೆದೆ ಅಂದುಕೊಂಡೆ. ಒಂದು ಅಕ್ಷರ ನುಂಗಿದ್ದೆ ಪುಟ್ಟಿ. ‘ಸಿ’ ಬಿಟ್ಟುಹೋಗಿತ್ತು.

ಆವತ್ತೇ ಕಂತು ವಸೂಲಿಗೆ ಕಂಪನಿಯಿಂದ ಹೊಸ ಸರ್ ಬಂದಿದ್ದರು. ದುಡ್ಡು ಮುಟ್ಟುವ ಮೊದಲು ಪುಸ್ತಕ ಓದಿದರು. ಮುಖ ಸಣ್ಣದಾಯಿತು. ಎದ್ದು ನಿಂತುಬಿಟ್ಟರು. ‘ಅಯ್ಯೋ, ನಂಗೆ ಗೊತ್ತೇ ಇರಲಿಲ್ಲಮ್ಮಾ. ತೀರಿಕೊಂಡವರ ಬಾಕಿ ನಾವು ತಗೊಳಲ್ಲ, ಅದಕ್ಕೆ ವಿಮೆ ಇದೆ’ ಅಂತ ಕೈ ಮುಗಿದರು. ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾಗಿ ಬಾಯಿ ತೆರೆಯುವ ಹೊತ್ತಿಗೆ, ಮೇಕೆ ಸಾಕುತ್ತಾಳಲ್ಲ ನಮ್ಮ ಸಂಘದ ಮೇಕೆಯಕ್ಕ, ಅವಳು ನನ್ನ ಸೆರಗು ಹಿಡಿದು ಎಳೆದಳು.

ನಿನಗೆ ಗೊತ್ತಲ್ಲ ನಮ್ಮ ಸಂಘದ ರೀತಿ. ಒಬ್ಬಳು ಕಟ್ಟದಿದ್ದರೆ ಉಳಿದವರು ಸೇರಿಸಿ ಕಟ್ಟಬೇಕು. ಪೂರ್ತಿ ಬರುವವರೆಗೆ ಯಾರೂ ಚಾಪೆ ಬಿಟ್ಟು ಏಳುವ ಹಾಗಿಲ್ಲ. ಮೇಕೆಯಕ್ಕನ ಮಗಳು ಆಸ್ಪತ್ರೆಯಲ್ಲಿದ್ದಳು, ಇವಳದ್ದು ಮೂರು ಕಂತು ಬಾಕಿ. ಹಿಂದಿನ ವಾರ ಕತ್ತಲಾಗುವವರೆಗೆ ಕೂರಿಸಿದ್ದರು ನಮ್ಮನ್ನು. ಆವತ್ತು ನಿನ್ನ ದುಡ್ಡು ನನ್ನ ಮಡಿಲಲ್ಲಿತ್ತು, ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ಮೇಕೆಯಕ್ಕನ ಮುಖ ನೋಡಿದೆ. ನಿನ್ನ ದುಡ್ಡನ್ನು ಅವಳ ಹೆಸರಿಗೆ ಕಟ್ಟಿಬಿಟ್ಟೆ. ನಾಲ್ಕೂ ಜನ ಸುಮ್ಮನಿದ್ದೆವು. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನಿರಾಳವೇ ಆಯಿತು. ಅದೇ ನನಗೆ ಈಗ ಅಸಹ್ಯವಾಗುತ್ತಿರುವುದು.

ಮುಂದಿನ ವಾರ ಸರಿಪಡಿಸಿದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಸಹಾಯಧನ ನನ್ನ ಖಾತೆಗೆ ಬಂದುಬಿಟ್ಟಿತು. ಆಮೇಲೆ ಬಹುಮಾನ. ಯಾತಕ್ಕೆ ಅಂತ ಕೇಳಿದ್ದೆಯಲ್ಲ, ಸತ್ತ ತಂಗಿಯ ಕಂತನ್ನು ಬಾಯಿಬಿಡದೆ ಒಂಬತ್ತು ತಿಂಗಳು ಕಟ್ಟಿದ್ದಕ್ಕೆ. ವೇದಿಕೆ ಮೇಲೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಫೋಟೊದಲ್ಲಿ ಕಣ್ಣು ಮುಚ್ಚಿದ್ದು ಬೇಕಂತಲೇ. ಆ ಸಹಾಯಧನದಲ್ಲಿ ಒಂದು ರೂಪಾಯಿ ಮುಟ್ಟಿಲ್ಲ ನಾನು. ನೀನು ಬಂದರೆ ಬೀದಿಯಲ್ಲಿ ಕಂಪನಿಯವರ ಕಣ್ಣಿಗೆ ಬೀಳುತ್ತೀಯ ಅಂತ ಸುಣ್ಣದ ಕಥೆ ಕಟ್ಟಿದೆ.

ದಿನಾಂಕವನ್ನೂ ನಾನೇ ಕೊಟ್ಟೆ. ಏನು ಹೇಳಬೇಕೋ ತೋಚಲಿಲ್ಲ, ಬಾಯಿಗೆ ಬಂದಿದ್ದು ಹೇಳಿದೆ.

ಹೇಗಾದರೂ ಸರಿ ಮಾಡುತ್ತೇನೆ. ಬೈಯಿ, ಆದರೆ ಕಾಗದ ಬರೆಯುವುದನ್ನು ನಿಲ್ಲಿಸಬೇಡ.

ಅಕ್ಕ


ಜುಲೈ 19

ಅಕ್ಕಾ,

‘ಸಿ’ ಬಿಟ್ಟಿದ್ದನ್ನು ಕ್ಷಮಿಸಬಲ್ಲೆ. ಅದನ್ನು ಓದಿ ಅಳುವಿನ ಮಧ್ಯೆ ನಕ್ಕೂಬಿಟ್ಟೆ. ಮೇಕೆಯಕ್ಕನಿಗೆ ಕಟ್ಟಿದ್ದನ್ನೂ ಬಿಟ್ಟುಬಿಡುತ್ತೇನೆ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ.

ಆದರೆ ಮಾರ್ಚ್ ಹನ್ನೊಂದು ಅಂತ ಹೇಗೆ ಬಂತು ನಿನ್ನ ಬಾಯಲ್ಲಿ? ಆವತ್ತು ನನ್ನ ಬ್ಯಾಗ್ ಹೊತ್ತುಕೊಂಡು ಬಸ್ ನಿಲ್ದಾಣದವರೆಗೆ ಓಡಿದವಳು ನೀನು. ನಿನ್ನ ಚಪ್ಪಲಿಯನ್ನೇ ಬಿಚ್ಚಿ ನನ್ನ ಕಾಲಿಗೆ ಹಾಕಿ, ಬರಿಗಾಲಲ್ಲಿ ವಾಪಸ್ ನಡೆದವಳು. ‘ಇವತ್ತು ಹುಟ್ಟಿದೆ ಅಂದ್ಕೋ’ ಅಂದಿದ್ದೆ ಕಿಟಕಿಯ ಹತ್ತಿರ ನಿಂತು. ಒಂದೂಕಾಲು ವರ್ಷ ಆ ಮಾತು ಹಿಡಿದುಕೊಂಡು ಬಟ್ಟೆ ಒಗೆದಿದ್ದೇನೆ ನಾನು. ಅದೇ ದಿನವನ್ನು ನನ್ನ ಸಾವಿನ ದಿನ ಅಂತ ಬರೆಸಿದೆಯಾ?

ಅಮ್ಮ ಅಂಥ ಮಾತು ಆಡಿದ್ದರೆ ನಂಬುತ್ತಿದ್ದೆ. ನೀನು!

ಇನ್ನು ಬರೆಯುವುದಿಲ್ಲ. ಸತ್ತವರು ಕಾಗದ ಬರೆಯುವುದಿಲ್ಲವಲ್ಲ.


ಆಗಸ್ಟ್ 3

ಅಕ್ಕಾ,

ಬರೆಯುವುದಿಲ್ಲ ಅಂದವಳೇ ಬರೆಯುತ್ತಿದ್ದೇನೆ. ಹದಿನೈದು ದಿನದಿಂದ ನಿನ್ನ ಕಡೆಯಿಂದ ಒಂದು ಸಾಲೂ ಇಲ್ಲ. ಭಾವನ ಫೋನಿಗೆ ಮಾಡಿದರೆ ‘ಅವಳು ಆಫೀಸಿಗೆ ಹೋಗಿದ್ದಾಳೆ’ ಅಂತಾರೆ. ಯಾವ ಆಫೀಸು? ಪೊಲೀಸರೇನಾದರೂ ಬಂದರಾ? ನಾನು ಸಿಟ್ಟಿನಲ್ಲಿ ಬರೆದಿದ್ದು, ಅಷ್ಟೇ.

ಇಸ್ತ್ರಿ ಅಂಗಡಿ ಹೋಯಿತು. ಅಜ್ಜಿ ಎರಡು ದಿನ ಹೆಚ್ಚಿಗೇ ಕಾದರು, ಪಾಪ. ಹೊಸಬ ನೀಲಿ ಬಣ್ಣ ಹೊಡೆಸುತ್ತಿದ್ದಾನೆ. ಡ್ಯೂಟಿಗೆ ಹೋಗುವಾಗ ಆ ಕಡೆ ನೋಡದೆ ಹೋಗುತ್ತೇನೆ.

ಒಂದು ಸಾಲು ಬರಿ ಸಾಕು.

ಪುಟ್ಟಿ


ಆಗಸ್ಟ್ 12

ಪುಟ್ಟಿ,

ನಿನ್ನ ಅಂಗಡಿ ನನ್ನಿಂದ ಹೋಯಿತು.

ಒಂದು ಸುಳ್ಳು ಇನ್ನೂ ಉಳಿದಿತ್ತು, ಅದನ್ನು ಈಗ ಹೇಳುತ್ತೇನೆ. ಆ ದಿನಾಂಕ ಕೊಟ್ಟಿದ್ದು ನಾನಲ್ಲ. ಅಮ್ಮ.

ಸಾವು ಅಂತ ಬರೆಯಲು ಮನೆಯವರ ಹೇಳಿಕೆ ಬೇಕಂತೆ. ನಾನು ಅಳತೆ ತೆಗೆಯಲು ಶಾಲೆಗೆ ಹೋದಾಗ ಹೊಸ ಸರ್ ಮನೆಗೆ ಬಂದಿದ್ದಾರೆ. ಜಗುಲಿಯಲ್ಲಿ ಅಮ್ಮ ಒಬ್ಬಳೇ. ‘ನಿಮ್ಮ ಚಿಕ್ಕ ಮಗಳು ಯಾವಾಗ ತೀರಿಕೊಂಡರಮ್ಮಾ?’ ಅಂತ ಕೇಳಿದ್ದಾರೆ. ಇವಳಿಗೆ ನಿನ್ನ ವಿಷಯ ಎತ್ತಿದರೆ ಸಾಕಲ್ಲ. ಸಾಲದವನು ಕುಟುಕುತ್ತಿದ್ದಾನೆ ಅಂದುಕೊಂಡಿದ್ದಾಳೆ. ‘ಗಂಡನ ಮನೆ ಹೊಸ್ತಿಲು ದಾಟಿದಳಲ್ಲ, ಆವತ್ತೇ ಸತ್ತಳು ನನ್ನ ಪಾಲಿಗೆ’ ಅಂದಿದ್ದಾಳೆ. ‘ಯಾವತ್ತು ಅದು?’ ಅಂದರೆ ಪಟ್ಟನೆ ಮಾರ್ಚ್ ಹನ್ನೊಂದು ಅಂದಿದ್ದಾಳೆ. ಅವರು ಬರೆದುಕೊಂಡರು. ಹೆಬ್ಬೆಟ್ಟು ಕೇಳಿದರು, ಸಂಘದ ಕಾಗದ ಅಂತ ಇವಳು ಒತ್ತಿದಳು.

ಸಂಜೆ ಬಂದಾಗ ನನಗೆ ಹೇಳಿದಳು, ‘ನಿಮ್ಮ ಸರ್‌ಗೆ ಸರಿಯಾಗಿ ಹೇಳಿ ಕಳಿಸಿದೆ’ ಅಂತ. ಆ ಮಾತು ನಿನ್ನ ಕಿವಿಗೆ ಬೀಳುವುದು ಬೇಡ ಅಂತ ನನ್ನ ಮೇಲೆ ಹಾಕಿಕೊಂಡೆ. ನೀನು ನನ್ನನ್ನು ಎರಡು ಮಾತು ಬೈದು ಬಿಡುತ್ತೀಯ, ಅಮ್ಮನ ಆ ಮಾತನ್ನು ಜೀವಮಾನವಿಡೀ ಹೊರುತ್ತೀಯ ಅನ್ನಿಸಿತು.

ನಿನ್ನ ಹತ್ತೊಂಬತ್ತರ ಕಾಗದ ಬಂದ ದಿನ ನಾನು ಮಿಷನ್ ಮುಂದೆ ಕೂತು ಅಳುತ್ತಿದ್ದೆ. ‘ಓದು’ ಅಂದಳು ಅಮ್ಮ. ಬೇಡ ಅಂದೆ. ‘ಗಟ್ಟಿಯಾಗಿ ಓದು’ ಅಂದಳು. ಓದಿದೆ. ‘ಅಮ್ಮ ಅಂಥ ಮಾತು ಆಡಿದ್ದರೆ ನಂಬುತ್ತಿದ್ದೆ’ ಅನ್ನುವಲ್ಲಿ ನಿಲ್ಲಿಸಲು ಹೇಳಿದಳು. ಆಮೇಲೆ ಆ ಹೇಳಿಕೆಯ ವಿಷಯ ಅಷ್ಟನ್ನೂ ಕೇಳಿದಳು, ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು ಪುಟ್ಟಿ. ‘ನಾನು ಬೈದಿದ್ದಲ್ಲವೇನೇ? ಬೈದಿದ್ದನ್ನೂ ಬರ್ಕೊತಾರಾ?’ ಅಂದಳು. ಮೂರು ದಿನ ಮಾತಿಲ್ಲ. ಅವಳ ಬಾಯಿ ಮುಚ್ಚಿದ್ದನ್ನು ನಾನು ಹುಟ್ಟಿದ ಮೇಲೆ ಮೊದಲ ಸಲ ನೋಡಿದ್ದು. ನನಗೆ ಹೆದರಿಕೆಯೇ ಆಯಿತು.

ನಾಲ್ಕನೇ ದಿನ ಚಪ್ಪಲಿ ಹಾಕಿಕೊಂಡು ‘ನಡಿ’ ಅಂದಳು. ಆಫೀಸಿಗೆ ಐದು ಸಲ ಹೋದೆವು. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ನಾಲ್ಕು ಸಲ ಮ್ಯಾನೇಜರ್ ಸಿಗಲಿಲ್ಲ. ಐದನೇ ಸಲ ಮೇಕೆಯಕ್ಕನೂ ಬಂದಳು, ಎಲ್ಲರಿಗಿಂತ ಮೊದಲು ಅವಳೇ ನಿಜ ಹೇಳಿದಳು.

ಮ್ಯಾನೇಜರ್ ಅಮ್ಮನ ಹೆಬ್ಬೆಟ್ಟಿನ ಕಾಗದ ತೆಗೆದು ಮೇಜಿನ ಮೇಲಿಟ್ಟರು.

‘ಅಮ್ಮಾ, ಮಗಳು ಸತ್ತಿದ್ದಾಳೆ ಅಂತ ನೀವೇ ಹೇಳಿದ್ದೀರಿ.’

‘ಹೇಳಿದ್ದೆ.’

‘ಈಗ ಬದುಕಿದ್ದಾಳೆ ಅಂತೀರಿ. ಯಾವುದನ್ನ ನಂಬಲಿ?’

ಅಮ್ಮ ಆ ಕಾಗದವನ್ನು ಪಕ್ಕಕ್ಕೆ ಸರಿಸಿದಳು. ‘ಒಂದೂವರೆ ವರ್ಷದಿಂದ ದಿನಾ ಬೈತಾ ಇದ್ದೀನಪ್ಪ ಅವಳನ್ನ. ಬೆಳಗ್ಗೆ ಎದ್ದರೆ ಬೈತೀನಿ, ಅನ್ನಕ್ಕೆ ಕೂತರೆ ಬೈತೀನಿ. ಸತ್ತವರನ್ನ ಯಾರಾದ್ರೂ ಹೀಗೆ ಬೈತಾರಾ?’ ಅಂದಳು. ಅನ್ನುತ್ತಾ ಅನ್ನುತ್ತಾ ಗೊಳೋ ಅಂತ ಅತ್ತುಬಿಟ್ಟಳು, ಆಫೀಸಿನ ಮಧ್ಯದಲ್ಲಿ, ಅಷ್ಟು ಜನರ ಮುಂದೆ. ನಾನು ಮರದ ಹಾಗೆ ನಿಂತಿದ್ದೆ. ಅಮ್ಮ ಅಳುವುದು ಹೇಗಿರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಮ್ಯಾನೇಜರ್ ನೀರು ತರಿಸಿದರು. ತಿದ್ದುಪಡಿಯ ಫಾರಂ ತೆಗೆದರು. ಅದರಲ್ಲೂ ದಿನಾಂಕದ ಒಂದು ಖಾನೆ ಇದೆ ಪುಟ್ಟಿ, ಆ ಕಂಪನಿಗೆ ದಿನಾಂಕವಿಲ್ಲದೆ ಏನೂ ಆಗುವುದಿಲ್ಲ. ‘ಯಾವತ್ತಿನಿಂದ ಬದುಕಿದ್ದಾರೆ ಅಂತ ಹಾಕಲಿ?’ ಅಂತ ಕೇಳಿದರು, ಪಾಪ, ಕೇಳುವಾಗ ಅವರಿಗೇ ನಾಚಿಕೆ.

‘ನಾನು ಹೆತ್ತ ದಿನದಿಂದ ಅಂತ ಬರ್ಕೋ. ಒಂದಿನಾನೂ ಬಿಡಬೇಡ’ ಅಂದಳು ಅಮ್ಮ. ನಿನ್ನ ಹುಟ್ಟಿದ ದಿನಾಂಕ ಹೇಳಿದಳು, ಗಳಿಗೆ ಸಮೇತ. ಹೆಬ್ಬೆಟ್ಟನ್ನು ಎರಡು ಸಲ ಒತ್ತಿದಳು.

ಸಹಾಯಧನ ವಾಪಸ್ ಕಟ್ಟಿದೆ. ಫ್ರೇಮನ್ನು ಇಳಿಸಿದರು, ಗೋಡೆಯ ಮೇಲೆ ಚೌಕಾಕಾರದ ಕಲೆ ಉಳಿದಿದೆ. ನನ್ನನ್ನು ನಾಯಕಿ ಸ್ಥಾನದಿಂದ ತೆಗೆದಿದ್ದಾರೆ. ಒಂದು ವರ್ಷ ನಮ್ಮ ಸಂಘಕ್ಕೆ ಹೊಸ ಸಾಲ ಇಲ್ಲ. ನೀನು ಬದುಕಿದೆಯಲ್ಲ, ನಿನ್ನ ಆ ಮೂರು ಕಂತೂ ಬದುಕಿಕೊಂಡಿವೆ. ಅದನ್ನು ಮೇಕೆಯಕ್ಕ ಕಟ್ಟುತ್ತಾಳೆ, ಪುಸ್ತಕದ ಮೇಲೆ ಕೈಯಿಟ್ಟು ಹೇಳಿದ್ದಾಳೆ.

ಈ ಕಾಗದವನ್ನು ಬೆರಳಿಟ್ಟು ಮೂರು ಸಲ ಓದಿದ್ದೇನೆ.

ನಿನ್ನ ಅಕ್ಕ


ಆಗಸ್ಟ್ 21

ಅಕ್ಕಾ,

ಇವತ್ತು ಶಾಖೆಗೆ ಹೋಗಿದ್ದೆ. ಅದೇ ಮೇಡಂ. ಪರದೆ ನೋಡಿ ಎದ್ದು ನಿಂತು ‘ಕ್ಷಮಿಸಿ’ ಅಂದರು. ಕೆಂಪು ಅಕ್ಷರ ಹೋಗಿದೆ. ‘ಮೂರು ಕಂತು ಬಾಕಿ’ ಅಂತಿದೆ. ಬಾಕಿ ತೀರಿಸಿ ಅರ್ಜಿ ಹಾಕಿದರೆ ನೋಡುತ್ತಾರಂತೆ. ಅಜ್ಜಿಯ ಅಂಗಡಿ ಹೋಯಿತು ನಿಜ. ಆಸ್ಪತ್ರೆಗೆ ಹಿಂದಿನ ಗೇಟೂ ಒಂದಿದೆಯಲ್ಲ, ಅಲ್ಲಿ ಇಸ್ತ್ರಿಯವರು ಯಾರೂ ಇಲ್ಲ.

ನಿನ್ನ ಕಾಗದವನ್ನು ಲಾಂಡ್ರಿ ಕೋಣೆಯಲ್ಲಿ ಯಾರಿಗೂ ತೋರಿಸಲಿಲ್ಲ. ಒಗೆದ ಬಟ್ಟೆಯ ರಾಶಿಯ ಹಿಂದೆ ಕೂತು ಓದಿದೆ. ಅಮ್ಮ ಅಂದ ಮೊದಲ ಮಾತು ಓದಿ ಕಾಗದ ಮಡಿಚಿಟ್ಟುಬಿಟ್ಟೆ, ಸುಳ್ಳು ಹೇಳುವುದಿಲ್ಲ. ಅದು ಮರೆಯುವಂಥದ್ದಲ್ಲ. ‘ಹೆತ್ತ ದಿನದಿಂದ’ ಅಂದ ಎರಡನೆಯದನ್ನೂ ಮರೆಯುವುದಿಲ್ಲ. ಅಷ್ಟು ದಿನ ನನ್ನನ್ನು ಬೈಯುತ್ತಿದ್ದಳಾ ಅವಳು? ದಿನಾ? ಇಲ್ಲಿ ನನ್ನನ್ನು ಬೈಯುವವರೇ ಇಲ್ಲ ಅಕ್ಕಾ.

ಮೇಕೆಯಕ್ಕ ಒಂದು ಕಂತು ಕಟ್ಟಿದರೆ ಸಾಕು, ಎರಡನ್ನು ನಾನೇ ತರುತ್ತೇನೆ. ಪುಸ್ತಕದಲ್ಲಿ ‘ತೀರಿಸಿಕೊಂಡಳು’ ಅನ್ನುವ ಆ ಸಾಲನ್ನು ನೀನೇ ಬರೆಯಬೇಕು, ನಾಯಕಿ ಅಲ್ಲದಿದ್ದರೂ. ನಾನು ಪಕ್ಕದಲ್ಲಿ ಕೂತು ನೋಡುತ್ತಿರುತ್ತೇನೆ.

ಅಮ್ಮನಿಗೆ ಹೇಳು, ಇಷ್ಟು ದಿನ ಬೈದಿದ್ದು ಒಂದೂ ನನಗೆ ತಲುಪಿಲ್ಲ. ಶುಕ್ರವಾರದ ಬಸ್ಸಿಗೆ ಬರುತ್ತಿದ್ದೇನೆ. ಮೊದಲಿನಿಂದ ಬೈಯಲಿ.

ಪುಟ್ಟಿ